ಅರ್ಜಿ ಬರೆಯುವವರಿಗೆ ಕೊಡುವ ಹಣ ಎಲ್ಲಿಂದ?

(ರಾಬರ್ಟ್‌ಸನ್‌ಪೇಟೆಯಲ್ಲಿ ನಡೆದ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯಲ್ಲಿ ಟ್ರಸ್ಟಿಗಳ ಪರವಾಗಿ ಮಾಡಿದ ಭಾಷಣ)

 



ನಿಮ್ಮ ಕೈಯಲ್ಲಿರುವ ವರದಿಯ ಖರ್ಚಿನ ಪುಟದಲ್ಲಿ ಈ ಸಲ ಒಂದು ಹೊಸ ಸಾಲು ಇದೆ: ‘ಯೋಜನಾ ಬರಹ, ವೃತ್ತಿಪರ ಶುಲ್ಕ’. ವರದಿ ಅಚ್ಚಾಗುವ ಮೊದಲೇ ಈ ವಿಷಯ ತಿಳಿದ ಕೆಲವು ದಾನಿಗಳು ಫೋನ್ ಮಾಡಿದರು. ಅವರ ಪ್ರಶ್ನೆ ನೇರವಾಗಿತ್ತು. ನಾವು ಕೊಟ್ಟದ್ದು ಬಡ ಮಕ್ಕಳ ಫೀಸಿಗೆ, ನೀವು ಅದನ್ನು ಇಂಗ್ಲಿಷ್ ಬರೆಯುವವರಿಗೆ ಕೊಡುತ್ತೀರಾ? ಈ ಪ್ರಶ್ನೆ ಕೇಳಿದವರಿಗೆ ನಾವು ಕೃತಜ್ಞರು. ಟ್ರಸ್ಟಿನ ಹಣ ಅಮಾನತ್. ಅಮಾನತ್ ಇಟ್ಟವರು ಕೇಳಬೇಕು, ಇಟ್ಟುಕೊಂಡವರು ಹೇಳಬೇಕು.

ಮೊದಲು ಉತ್ತರ ಹೇಳಿಬಿಡುತ್ತೇವೆ. ಆ ಶುಲ್ಕದಲ್ಲಿ ಝಕಾತಿನ ಒಂದು ಪೈಸೆಯೂ ಇಲ್ಲ. ವಿದ್ಯಾರ್ಥಿವೇತನಕ್ಕೆಂದು ನೀವು ಕೊಟ್ಟ ಸದಕಾ ಹಣವೂ ಇಲ್ಲ. ಟ್ರಸ್ಟಿಗಳು ಮತ್ತು ಇಬ್ಬರು ದಾನಿಗಳು ಸೇರಿ, ‘ಇದು ಕಚೇರಿ ಕೆಲಸಕ್ಕೆ’ ಎಂದು ರಸೀದಿಯ ಮೇಲೆಯೇ ಬರೆಸಿ ಕೊಟ್ಟ ಹಣದಿಂದ ಅದನ್ನು ಕೊಟ್ಟಿದ್ದೇವೆ. ಆ ನಿಧಿ ಮುಗಿದರೆ ಬರಹದ ಕೆಲಸ ನಿಲ್ಲುತ್ತದೆ, ವಿದ್ಯಾರ್ಥಿವೇತನ ನಿಲ್ಲುವುದಿಲ್ಲ.

ಇಷ್ಟು ಹೇಳಿ ಕುಳಿತುಕೊಳ್ಳಬಹುದಿತ್ತು. ಆದರೆ ಯಾಕೆ ಬೇಕಾಯಿತು, ಯಾರನ್ನು ತೆಗೆದುಕೊಂಡೆವು, ಯಾವ ಷರತ್ತಿನ ಮೇಲೆ ಎಂಬುದನ್ನೂ ನೀವು ತಿಳಿಯಬೇಕು. ಯಾಕೆಂದರೆ ಈ ಕೆಲಸದಲ್ಲಿ ಬರೆಯುವುದು ನಿಮ್ಮ ಮಕ್ಕಳ ಬಗ್ಗೆ.

ನಮ್ಮ ಟ್ರಸ್ಟ್ ಶುರುವಾದದ್ದು ಫೀಸ್ ಕಟ್ಟುವುದಕ್ಕೆ. ರಂಜಾನಿನಲ್ಲಿ ಸಂಗ್ರಹ, ಜೂನಿನಲ್ಲಿ ಹಂಚಿಕೆ. ಅದು ಈಗಲೂ ನಡೆಯುತ್ತಿದೆ. ಆದರೆ ಇತ್ತೀಚಿನ ವರ್ಷಗಳಲ್ಲಿ ಎರಡು ಸಂಗತಿಗಳು ಬದಲಾದವು. ಒಂದು, ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ಮಕ್ಕಳಿಗೆ ಕೊಡುತ್ತಿದ್ದ ಪ್ರೀ-ಮೆಟ್ರಿಕ್ ವಿದ್ಯಾರ್ಥಿವೇತನವನ್ನು 2022-23ರಿಂದ 9 ಮತ್ತು 10ನೇ ತರಗತಿಗಳಿಗೆ ಮಾತ್ರ ಸೀಮಿತಗೊಳಿಸಿತು. 1ರಿಂದ 8ನೇ ತರಗತಿಯ ಮಕ್ಕಳಿಗೆ ಅದು ನಿಂತುಹೋಯಿತು. ಉನ್ನತ ಸಂಶೋಧನೆಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಕೂಡ ಅದೇ ವರ್ಷ ನಿಂತಿತು. ಸಣ್ಣ ಮಕ್ಕಳ ಮನೆಯವರು ನಮ್ಮ ಬಾಗಿಲಿಗೆ ಹೆಚ್ಚಾಗಿ ಬರತೊಡಗಿದರು. ಎರಡನೆಯದು, ಫೀಸ್ ಕಟ್ಟಿದರೂ ಓದು ಮುಗಿಯದ ಮಕ್ಕಳು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಉಳಿಸಿಕೊಂಡವರು, ಪಿಯುಸಿ ಮುಗಿಸಿ ಮುಂದೇನು ಗೊತ್ತಿಲ್ಲದವರು, ಡಿಗ್ರಿ ಕೈಯಲ್ಲಿಟ್ಟುಕೊಂಡು ಇಂಟರ್‌ವ್ಯೂನಲ್ಲಿ ಬಾಯಿ ಬಿಡಲಾಗದವರು. ಇವರಿಗೆ ಬೇಕಾದದ್ದು ಚೆಕ್ಕಲ್ಲ. ಸಂಜೆ ಕುಳಿತು ಓದುವ ಜಾಗ, ಹೇಳಿಕೊಡುವ ಒಬ್ಬ ಮೇಷ್ಟ್ರು, ನಾಲ್ಕು ಕಂಪ್ಯೂಟರ್. ಅದಕ್ಕೆ ಪ್ರತಿ ತಿಂಗಳು ಬಾಡಿಗೆ, ಸಂಬಳ, ಕರೆಂಟ್ ಬಿಲ್ ಇರುತ್ತದೆ. ರಂಜಾನಿನ ಸಂಗ್ರಹದಿಂದ ಅದನ್ನು ನಡೆಸಿದರೆ ಫೀಸಿನ ಹಣಕ್ಕೆ ಕೈ ಹಾಕಬೇಕಾಗುತ್ತದೆ. ಹಾಕುವುದಿಲ್ಲ ಎಂದು ತೀರ್ಮಾನಿಸಿದೆವು. ಹಾಗಾದರೆ ಹೊರಗಿನಿಂದ ತರಬೇಕು.

ಹೊರಗೆ ಹಣ ಇಲ್ಲವೇ ಎಂದರೆ ಇದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, 500 ಕೋಟಿ ರೂಪಾಯಿ ನಿವ್ವಳ ಆಸ್ತಿ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇದನ್ನೇ ಸಿಎಸ್‌ಆರ್ ಅನ್ನುವುದು. 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಂಪನಿ ತಾನಿರುವ ಸ್ಥಳದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕೆಂದೂ ಅದೇ ಸೆಕ್ಷನ್ ಹೇಳುತ್ತದೆ. ನಮ್ಮೂರಿನಲ್ಲೇ ಬೆಮೆಲ್ ಇದೆ. ಕೋಲಾರದ ಕಡೆ ಹೋದರೆ ನರಸಾಪುರ, ವೇಮಗಲ್. ಆ ಕಡೆ ಮಾಲೂರು. ನಮ್ಮ ಹುಡುಗ ಹುಡುಗಿಯರು ಆ ಕಾರ್ಖಾನೆಗಳ ಬಸ್ಸು ಹತ್ತಿ ಹೋಗುತ್ತಾರೆ. ಅಲ್ಲಿಂದ ಒಂದು ಯೋಜನೆಗೆ ನೆರವು ಕೇಳುವುದು ಭಿಕ್ಷೆಯಲ್ಲ. ಆದರೆ ಕೇಳುವುದಕ್ಕೆ ಒಂದು ಕ್ರಮ ಇದೆ, ಕಾಗದ ಇದೆ, ಒಂದು ಭಾಷೆ ಇದೆ.

ಕಾಗದದ ವಿಷಯಕ್ಕೆ ಬಂದರೆ, ಟ್ರಸ್ಟಿಗೆ ಆದಾಯ ತೆರಿಗೆ ಇಲಾಖೆಯ 12ಎ ಮತ್ತು 80ಜಿ ನೋಂದಣಿ ಇರಬೇಕು. ಇಂಥ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ ಇರಬೇಕು. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಎಂಬ ಫಾರಂ ಸಲ್ಲಿಸಿ ಕಂಪನಿ ವ್ಯವಹಾರಗಳ ಸಚಿವಾಲಯದಿಂದ ನಂಬರ್ ಪಡೆಯಬೇಕು, ಅದಕ್ಕೆ ಚಾರ್ಟರ್ಡ್ ಅಕೌಂಟೆಂಟರೋ ಕಂಪನಿ ಸೆಕ್ರೆಟರಿಯೋ ಡಿಜಿಟಲ್ ಸಹಿ ಮಾಡಬೇಕು. ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಹೆಸರಿದೆಯೇ ಎಂದೂ ಕೇಳುತ್ತಾರೆ. ಆಡಿಟ್ ಆದ 3 ವರ್ಷದ ಲೆಕ್ಕ, ಟ್ರಸ್ಟ್ ಡೀಡಿನ ಪ್ರತಿ, ಟ್ರಸ್ಟಿಗಳ ಠರಾವು ಬೇಕು. ಇವನ್ನೆಲ್ಲ ಹೊರಗಿನ ಬರಹಗಾರರು ತಂದುಕೊಡುವುದಿಲ್ಲ. ಇವು ಇಲ್ಲದೆ ಬರಹಗಾರರನ್ನು ಕರೆಸಿದರೆ ಅಡಿಪಾಯ ಇಲ್ಲದ ಮನೆಗೆ ಬಣ್ಣ ಬಳಿಯುವವರನ್ನು ಕರೆಸಿದ ಹಾಗೆ. ಬೇರೆ ಊರಿನ ಸಣ್ಣ ಟ್ರಸ್ಟಿನವರು ಯಾರಾದರೂ ಇಲ್ಲಿದ್ದರೆ ಇದೊಂದನ್ನು ಗಮನಿಸಿ: ಮೊದಲು ಬೀರು ಸರಿಮಾಡಿಕೊಳ್ಳಿ, ಆಮೇಲೆ ಬರೆಯುವವರನ್ನು ಹುಡುಕಿ.

ಇಲ್ಲಿ ನಮ್ಮಂಥ ಟ್ರಸ್ಟಿಗೆ ಒಂದು ವಿಶೇಷ ಮಾತಿದೆ. ಒಂದೇ ಧಾರ್ಮಿಕ ಸಮುದಾಯದ ಪ್ರಯೋಜನಕ್ಕೆ ಎಂದು ಡೀಡಿನಲ್ಲಿ ಬರೆದಿದ್ದರೆ 80ಜಿ ಸಿಗುವುದಿಲ್ಲ. ನಮ್ಮ ಟ್ರಸ್ಟ್ ಕಟ್ಟಿದ ಹಿರಿಯರು, ಅಲ್ಲಾಹನು ಅವರಿಗೆ ಒಳ್ಳೆಯ ಪ್ರತಿಫಲ ಕೊಡಲಿ, ಡೀಡಿನಲ್ಲಿ ‘ಜಾತಿ ಮತ ಭೇದವಿಲ್ಲದೆ’ ಎಂದು ಬರೆಸಿದ್ದಾರೆ. ಕಾನೂನಿಗೆ ಹೆದರಿ ಬರೆಸಿದ್ದಲ್ಲ ಅದು. ತಮಿಳು, ಉರ್ದು, ತೆಲುಗು, ಕನ್ನಡ ಒಂದೇ ಬೀದಿಯಲ್ಲಿ ಕೇಳಿಸುವ ಊರಿದು. ಎಂ.ಜಿ. ಮಾರ್ಕೆಟ್‌ನಲ್ಲಿ ಅಂಗಡಿ ಇಟ್ಟವರ ಗಿರಾಕಿಗಳು ಗಣಿ ಲೈನ್‌ನ ಎಲ್ಲ ಜಾತಿಯವರೂ ಆಗಿದ್ದರು. ಆ ಮನೆಗಳ ಮಕ್ಕಳು ಈ ಸಭೆಯಲ್ಲೂ ಇದ್ದಾರೆ. ಝಕಾತಿಗೆ ಅದರದೇ ನಿಯಮ, ಅದರದೇ ಖಾತೆ. ಯುವಜನ ಕೇಂದ್ರ ಸಾಮಾನ್ಯ ನಿಧಿಯದು, ಎಲ್ಲರಿಗೂ ತೆರೆದದ್ದು. ಬರಹಗಾರರಿಗೆ ನಾವು ಮೊದಲ ದಿನವೇ ಈ ಎರಡು ಖಾತೆಗಳ ವ್ಯತ್ಯಾಸ ವಿವರಿಸಿದೆವು. ಇದು ಅರ್ಥವಾಗದವರು ನಮ್ಮ ಬಗ್ಗೆ ಬರೆದರೆ ಒಂದೇ ವಾಕ್ಯದಲ್ಲಿ ಟ್ರಸ್ಟಿನ ನೋಂದಣಿಗೇ ತೊಂದರೆ ತಂದಾರು.

ವಿದೇಶದ ಹಣದ ಬಗ್ಗೆಯೂ ಕೇಳುತ್ತಾರೆ. ದುಬೈ, ರಿಯಾದ್‌ನಲ್ಲಿ ನಮ್ಮವರಿದ್ದಾರಲ್ಲ, ಅಲ್ಲಿನ ಸಂಸ್ಥೆಗಳಿಗೆ ಬರೆಸಬಾರದೇ ಎಂದು. ಸದ್ಯಕ್ಕೆ ಬೇಡ ಎಂದು ತೀರ್ಮಾನಿಸಿದ್ದೇವೆ. ವಿದೇಶಿ ಸಂಸ್ಥೆಯಿಂದ ಒಂದು ರೂಪಾಯಿ ಬರಬೇಕಾದರೂ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಬೇರೆ ಸಂಸ್ಥೆಗೆ ಹಂಚುವಂತಿಲ್ಲ, ಆಡಳಿತ ವೆಚ್ಚ ಶೇ. 50ರಿಂದ ಶೇ. 20ಕ್ಕೆ ಇಳಿದಿದೆ. ವರದಿ ಬರೆಸುವ ಖರ್ಚು, ವೃತ್ತಿಪರರ ಶುಲ್ಕ ಎರಡೂ ಆ ಶೇ. 20ರ ಒಳಗೇ ಬರುತ್ತವೆ. ‘ವಿದೇಶದಿಂದ ತಂದುಕೊಡುತ್ತೇನೆ, ಈಗ ಮುಂಗಡ ಕೊಡಿ’ ಎಂದು ನಮ್ಮ ಬಳಿ ಬಂದವರೊಬ್ಬರಿಗೆ ಎಫ್‌ಸಿಆರ್‌ಎ ಬಗ್ಗೆ ಕೇಳಿದೆವು. ಅದೆಲ್ಲ ನೋಡಿಕೊಳ್ಳೋಣ ಎಂದರು. ಚಹಾ ಕೊಟ್ಟು ಕಳಿಸಿದೆವು. ಹೊರಗಿರುವ ನಮ್ಮ ಊರಿನವರು, ಭಾರತೀಯ ಪಾಸ್‌ಪೋರ್ಟ್ ಇದ್ದವರು, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸುವುದು ಬೇರೆ ವಿಷಯ. ಅದು ಮೊದಲಿನ ಹಾಗೆ ಮುಂದುವರಿಯುತ್ತದೆ.

ಈಗ ಮುಖ್ಯ ಮಾತು, ಕೂಲಿಯದು. ಇಲ್ಲಿ ನಮ್ಮ ನಡುವೆಯೇ ಬಹಳ ಚರ್ಚೆಯಾಯಿತು.

ಬಂದ ಬರಹಗಾರರಲ್ಲಿ ಕೆಲವರು ಒಂದು ಸಲಹೆ ಇಟ್ಟರು. ಈಗ ಏನೂ ಕೊಡಬೇಡಿ, ಹಣ ಬಂದ ಮೇಲೆ ಶೇ. 10 ಕೊಡಿ. ಕೇಳಲು ಚೆನ್ನಾಗಿದೆ. ನಮ್ಮ ಕೆಲವು ಟ್ರಸ್ಟಿಗಳಿಗೂ ಇಷ್ಟವಾಯಿತು, ಸಿಕ್ಕರೆ ಮಾತ್ರ ಖರ್ಚಲ್ಲವೇ ಎಂದರು. ಲೆಕ್ಕ ಹಾಕಿ ನೋಡೋಣ. ಒಂದು ಕಂಪನಿ ಯುವಜನ ಕೇಂದ್ರಕ್ಕೆ 5 ಲಕ್ಷ ಕೊಟ್ಟಿತು ಅನ್ನಿ. ಅದರಲ್ಲಿ 50,000 ಬರಹಗಾರರಿಗೆ ಹೋಗಬೇಕು. ಕಂಪನಿಗೆ ನಾವು ಕೊಟ್ಟ ಬಜೆಟ್‌ನಲ್ಲಿ ಮೇಷ್ಟ್ರ ಸಂಬಳ ಇದೆ, ಬಾಡಿಗೆ ಇದೆ, ಕಂಪ್ಯೂಟರ್ ಇದೆ. ಕಮಿಷನ್ ಎಂಬ ಸಾಲು ಇಲ್ಲ, ಇಟ್ಟರೆ ಯಾವ ಕಂಪನಿಯೂ ಒಪ್ಪುವುದಿಲ್ಲ. ಹಾಗಾದರೆ ಆ 50,000 ಎಲ್ಲಿಂದ? ಕಂಪ್ಯೂಟರಿನ ಬಿಲ್ಲನ್ನು ಉಬ್ಬಿಸಬೇಕು, ಇಲ್ಲವೇ ನಿಮ್ಮ ಸದಕಾದಿಂದ ತೆಗೆಯಬೇಕು. ಒಂದು ಸುಳ್ಳು, ಇನ್ನೊಂದು ಖಿಯಾನತ್. ಅದೂ ಅಲ್ಲದೆ, ಪಾಲು ಸಿಗುವವರಿಗೆ ಮೊತ್ತ ದೊಡ್ಡದಾದಷ್ಟೂ ಒಳ್ಳೆಯದು. ನಮಗೆ ಇಪ್ಪತ್ತು ಮಕ್ಕಳ ಕೇಂದ್ರ ಸಾಕಾಗಿದ್ದರೆ ಅವರು ಇನ್ನೂರು ಮಕ್ಕಳದ್ದು ಬರೆಯುತ್ತಾರೆ. ಆಮೇಲೆ ಇನ್ನೂರು ಮಕ್ಕಳನ್ನು ತೋರಿಸಬೇಕಾದವರು ನಾವು.

ಇದು ನಮ್ಮ ಮಡಿವಂತಿಕೆ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಈ ವೃತ್ತಿಯವರದೇ ಸಂಘಗಳಿವೆ, ಅಸೋಸಿಯೇಷನ್ ಆಫ್ ಫಂಡ್‌ರೈಸಿಂಗ್ ಪ್ರೊಫೆಷನಲ್ಸ್, ಗ್ರಾಂಟ್ ಪ್ರೊಫೆಷನಲ್ಸ್ ಅಸೋಸಿಯೇಷನ್ ಎಂದು. ಬಂದ ಹಣದಲ್ಲಿ ಶೇಕಡಾವಾರು ಪಾಲು ತೆಗೆದುಕೊಳ್ಳುವುದನ್ನು ಇವೆರಡರ ನೀತಿಸಂಹಿತೆಗಳೂ ನಿಷೇಧಿಸಿವೆ. ನಮಗಂತೂ ಅದಕ್ಕಿಂತ ಹಳೆಯ ಮಾರ್ಗದರ್ಶನ ಇದೆ. ಝಕಾತ್ ವಸೂಲಿಗೆ ಹೋದ ಇಬ್ನುಲ್ ಲುತ್‌ಬಿಯ್ಯಾ ಎಂಬವರು ಮರಳಿ ಬಂದು, ಸಂಗ್ರಹವನ್ನು ಒಪ್ಪಿಸಿ, ಕೆಲವನ್ನು ತಮಗೆ ಸಿಕ್ಕ ಉಡುಗೊರೆ ಎಂದು ಬೇರೆ ಇಟ್ಟಾಗ ಪ್ರವಾದಿ(ಸ)ರು ಮಿಂಬರ್ ಹತ್ತಿ ಅದನ್ನು ಖಂಡಿಸಿದ ಪ್ರಸಂಗ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಮನೆಯಲ್ಲಿ ಕುಳಿತಿದ್ದರೆ ಆ ಉಡುಗೊರೆ ಅವರನ್ನು ಹುಡುಕಿಕೊಂಡು ಬರುತ್ತಿತ್ತೇ ಎಂಬುದು ಅಲ್ಲಿನ ಪ್ರಶ್ನೆ. ಬಡವರ ಹೆಸರಿನಲ್ಲಿ ಬಂದ ಹಣದಲ್ಲಿ ಪಾಲು ಕೇಳುವವರಿಗೂ ಆ ಪ್ರಶ್ನೆಯನ್ನು ಕೇಳಬಹುದು ಎಂದು ನಮಗೆ ಅನ್ನಿಸಿತು.

ಆಗ ಒಬ್ಬ ದಾನಿ ಇನ್ನೊಂದು ಪ್ರಶ್ನೆ ಎತ್ತಿದರು. ಓದಿಕೊಂಡವರು, ಯೋಚಿಸಿಯೇ ಕೇಳಿದರು. ಅತ್ತೌಬಾ ಅಧ್ಯಾಯದ 60ನೇ ವಚನದಲ್ಲಿ ಝಕಾತಿನ ಎಂಟು ಬಾಬುಗಳಿವೆ, ಅದರಲ್ಲಿ ಝಕಾತಿನ ಕೆಲಸಕ್ಕೆ ನೇಮಕವಾದ ಆಮಿಲರೂ ಇದ್ದಾರೆ; ಹಾಗಾದರೆ ಬರಹಗಾರರಿಗೆ ಝಕಾತಿನಿಂದಲೇ ಕೊಡಬಹುದಲ್ಲ? ನಾವು ಉಲಮಾಗಳನ್ನು ಕೇಳಿದೆವು. ಅವರು ಹೇಳಿದ್ದು ಇಷ್ಟು: ಆಮಿಲ್ ಎಂದರೆ ಝಕಾತನ್ನು ಸಂಗ್ರಹಿಸಿ, ಲೆಕ್ಕವಿಟ್ಟು, ಹಂಚುವವನು. ಕಂಪನಿಯ ಸಿಎಸ್‌ಆರ್ ಹಣ ಝಕಾತ್ ಅಲ್ಲ. ಅದಕ್ಕೆ ಅರ್ಜಿ ಬರೆಯುವವನು ಆಮಿಲ್ ಅಲ್ಲ. ಅಲ್ಲಿಗೆ ಆ ಬಾಗಿಲು ಮುಚ್ಚಿತು. ಬ್ಯಾಂಕಿನ ಬಡ್ಡಿ ಹಣದಿಂದ ಕೊಟ್ಟುಬಿಡಿ ಎಂದವರೂ ಇದ್ದರು. ಅದನ್ನು ನಾವು ಪುಣ್ಯದ ಉದ್ದೇಶವಿಲ್ಲದೆ ಅರ್ಹರಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತೇವೆಯೇ ಹೊರತು ಟ್ರಸ್ಟಿನ ಕೆಲಸಕ್ಕೆ ಬಳಸುವುದಿಲ್ಲ.

ಆದ್ದರಿಂದ ನಿಶ್ಚಿತ ಕೂಲಿ. ಇಂಥ ಕೆಲಸಕ್ಕೆ ಇಷ್ಟು ಎಂದು ಮೊದಲೇ ಬರೆದು, ಮೂರು ಕಂತು: ಊರಿಗೆ ಬಂದು ಮಾಹಿತಿ ಪಡೆದಾಗ ಒಂದು, ಮೊದಲ ಕರಡು ಕೊಟ್ಟಾಗ ಒಂದು, ಸಲ್ಲಿಸಿದ ದಿನ ಕೊನೆಯದು. ಮಂಜೂರಾದರೂ ಅಷ್ಟೇ, ಆಗದಿದ್ದರೂ ಅಷ್ಟೇ. ಕೆಲಸ ಮುಗಿಸಿದವನ ಕೂಲಿಯನ್ನು ತಡಮಾಡಬಾರದೆಂಬ ಪ್ರವಾದಿ(ಸ)ರ ಆದೇಶ ಮನೆ ಕಟ್ಟುವ ಮೇಸ್ತ್ರಿಗೆ ಅನ್ವಯಿಸುವ ಹಾಗೆ ಬರೆಯುವವರಿಗೂ ಅನ್ವಯಿಸುತ್ತದೆ. ವರ್ಷದ ಶುಲ್ಕ 50,000 ರೂಪಾಯಿ ದಾಟಿದರೆ ಶೇ. 10 ಟಿಡಿಎಸ್ ಕಡಿದು ಕಟ್ಟಬೇಕು, ಬಿಲ್ ಮತ್ತು ಪ್ಯಾನ್ ಇಲ್ಲದೆ ಕೊಡುವಂತಿಲ್ಲ. ಸೋತ ಅರ್ಜಿಗೂ ಹಣ ಹೋಗುತ್ತದೆಯಲ್ಲ ಎಂಬುದು ದಾನಿಗಳಿಗೆ ಕಷ್ಟವಾಗಬಹುದು. ಹೋಗುತ್ತದೆ. ಕೆಲವಕ್ಕೆ ಉತ್ತರವೇ ಬರುವುದಿಲ್ಲ. ಆದರೆ ಒಂದು ಅರ್ಜಿಗಾಗಿ ಜೋಡಿಸಿದ ಅಂಕಿ ಅಂಶ, ಬಜೆಟ್, ವಿವರಣೆ ಮುಂದಿನ ಅರ್ಜಿಗೆ ಉಳಿಯುತ್ತದೆ. ಬರೆದುದೆಲ್ಲ ಟ್ರಸ್ಟಿನ ಸ್ವತ್ತು ಎಂದು ಕರಾರಿನಲ್ಲಿ ಸೇರಿಸಿದ್ದು ಅದಕ್ಕೇ.

ಇನ್ನೊಂದು ಷರತ್ತು ಚಿಕ್ಕದು, ಆದರೆ ನಮ್ಮ ಪ್ರಕಾರ ಎಲ್ಲಕ್ಕಿಂತ ಮುಖ್ಯ. ದರ್ಪಣ್, ಆದಾಯ ತೆರಿಗೆ, ಸಿಎಸ್‌ಆರ್ ಪೋರ್ಟಲ್‌ಗಳ ಪಾಸ್‌ವರ್ಡ್ ಹೊರಗಿನವರಿಗೆ ಕೊಡುವುದಿಲ್ಲ. ಒಟಿಪಿ ಬರುವ ಮೊಬೈಲ್ ಟ್ರಸ್ಟಿಯದೇ ಆಗಿರಬೇಕು. ಬರಹಗಾರರು ಬರೆದುಕೊಡುತ್ತಾರೆ, ಒತ್ತುವ ಬಟನ್ ನಾವು ಒತ್ತುತ್ತೇವೆ.

ಆಯ್ಕೆ ಹೇಗೆ ಮಾಡಿದೆವು? ಹಿಂದೆ ಬರೆದ ಒಂದು ಅರ್ಜಿಯನ್ನು ಹೆಸರುಗಳನ್ನು ಅಳಿಸಿ ತೋರಿಸಲು ಹೇಳಿದೆವು. ಹೆಸರು ಅಳಿಸದೆ ತೋರಿಸಿದವರೂ ಇದ್ದರು. ಬೇರೆ ಸಂಸ್ಥೆಯ ಮಕ್ಕಳ ವಿವರವನ್ನು ನಮಗೆ ತೋರಿಸುವವರು ನಾಳೆ ನಮ್ಮದನ್ನು ಇನ್ನೊಬ್ಬರಿಗೆ ತೋರಿಸುತ್ತಾರೆ, ಅಲ್ಲಿಗೆ ಅವರ ಮಾತು ಮುಗಿಯಿತು. ಆಮೇಲೆ ಕೆ.ಜಿ.ಎಫ್. ಯುವಕರ ಬಗ್ಗೆ ಒಂದು ಪುಟ ಬರೆಯಲು ಹೇಳಿದೆವು. ಬಂದ ಪುಟಗಳನ್ನು ಓದಿದಾಗ ನಗುವೂ ಬಂತು, ಬೇಸರವೂ ಆಯಿತು. ಒಂದು ಪುಟದಲ್ಲಿ ನಮ್ಮ ಹುಡುಗರು ಕತ್ತಲೆಯ ಸುರಂಗದಿಂದ ಬೆಳಕಿಗೆ ಕೈ ಚಾಚುತ್ತಿದ್ದರು. 2018ರಲ್ಲಿ ಆ ಸಿನಿಮಾ ಬಂದಾಗಿನಿಂದ ಹೊರಗಿನವರಿಗೆ ನಮ್ಮೂರು ಎಂದರೆ ಅದೇ, ಏನು ಮಾಡುವುದು. ಇನ್ನೊಂದು ಪುಟ ಕಂಪ್ಯೂಟರ್ ತಾನೇ ಬರೆದುಕೊಟ್ಟದ್ದು ಎಂದು ಕಾಣುತ್ತದೆ. ವ್ಯಾಕರಣ ಸರಿ ಇತ್ತು, ಕೋಲಾರ ತೆಗೆದು ಕೊಪ್ಪಳ ಎಂದು ಹಾಕಿದರೂ ಏನೂ ಕೆಡುತ್ತಿರಲಿಲ್ಲ.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಆ ನೋವು ನಿಜ, ಅದನ್ನು ಕಡಿಮೆ ಮಾಡಿ ಹೇಳುವವರು ನಾವಲ್ಲ. ಗಣಿಯನ್ನು ನಂಬಿ ಅಂಗಡಿ ಇಟ್ಟ ನಮ್ಮವರೂ ಅದರ ಪೆಟ್ಟು ತಿಂದಿದ್ದಾರೆ. ಆದರೆ ಈಗ ಕೇಂದ್ರಕ್ಕೆ ಬರುವ 18, 20 ವರ್ಷದ ಮಕ್ಕಳು ಗಣಿ ಮುಚ್ಚಿದ ಮೇಲೆ ಹುಟ್ಟಿದವರು. ಅವರಿಗೆ ಗಣಿ ಎಂದರೆ ತಾತ ಹೇಳುವ ಕಥೆ, ದೂರದಿಂದ ಕಾಣುವ ಸೈನೈಡ್ ದಿಬ್ಬ. ಅವರ ದಿನ ಶುರುವಾಗುವುದು ಟ್ರೈನಿನಿಂದ. ಮಾರಿಕುಪ್ಪಂನಲ್ಲೋ ಊರ್ಗಾಂನಲ್ಲೋ ಕೋರಮಂಡಲ್‌ನಲ್ಲೋ ಬೆಳಗಿನ ಗಾಡಿ ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ಹೋಗಿ ದುಡಿದು, ರಾತ್ರಿ ಮನೆ ಸೇರುವವರು. ಸಂಜೆ 5 ಗಂಟೆಗೆ ಕಂಪ್ಯೂಟರ್ ಕ್ಲಾಸ್ ಇಟ್ಟರೆ ಅವರಲ್ಲಿ ಯಾರು ಬರುತ್ತಾರೆ? ರೂಮಿನಲ್ಲಿ ಕುಳಿತು ಬರೆದ ಎಲ್ಲ ಪುಟಗಳಲ್ಲೂ ಕ್ಲಾಸು ಸಂಜೆ 5ಕ್ಕೇ ಇತ್ತು!

ಕೊನೆಗೆ ನಾವು ಆರಿಸಿದವರು ಪುಟ ಬರೆಯುವ ಮೊದಲು ಒಂದು ದಿನ ಬರಬಹುದೇ ಎಂದು ಕೇಳಿದರು. ಬೆಂಗಳೂರಿನಿಂದ ಟ್ರೈನಿನಲ್ಲೇ ಬಂದು, ವಾಪಸ್ ಟ್ರೈನಿನಲ್ಲೇ ಹೋದರು, ಹುಡುಗರ ಜೊತೆ ನಿಂತುಕೊಂಡು. ಅವರು ಬರೆದ ಕರಡಿನಲ್ಲಿ ಕೇಂದ್ರ ಭಾನುವಾರ ಇಡೀ ದಿನ ಮತ್ತು ವಾರದ ದಿನ ರಾತ್ರಿ ಎರಡು ಗಂಟೆ ತೆರೆದಿರುತ್ತದೆ. ಹುಡುಗಿಯರಿಗೆ ಮಧ್ಯಾಹ್ನದ ಬೇರೆ ಹೊತ್ತು. ಕೇಳಿದ ಮೊತ್ತ ನಾವು ಅಂದುಕೊಂಡಿದ್ದಕ್ಕಿಂತ ಕಡಿಮೆ. ಅರ್ಜಿ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ. ಬಂದಾಗ, ಹೌದಾದರೂ ಇಲ್ಲವಾದರೂ, ಮುಂದಿನ ವರದಿಯಲ್ಲಿ ಬರೆಯುತ್ತೇವೆ, ಇನ್‌ಶಾ ಅಲ್ಲಾಹ್.

ದಾನಿಗಳಿಗೆ ಒಂದು ವಿನಂತಿ ಮಧ್ಯದಲ್ಲಿ ಹೇಳಿಬಿಡುತ್ತೇವೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗದ ಹಾಗೆ ಕೊಡಬೇಕೆಂದು ಹೆಸರು ಹೇಳದೆ ಹಣ ಇಟ್ಟು ಹೋಗುವವರಿದ್ದೀರಿ. ನಿಮ್ಮ ನಿಯ್ಯತ್ತನ್ನು ಗೌರವಿಸುತ್ತೇವೆ. ಆದರೆ ಹೆಸರು ವಿಳಾಸ ಇಲ್ಲದ ದಾನ ಒಂದು ಮಿತಿ ದಾಟಿದರೆ ಅದರ ಮೇಲೆ ಟ್ರಸ್ಟ್ ಶೇ. 30 ತೆರಿಗೆ ಕಟ್ಟಬೇಕಾಗುತ್ತದೆ. ಕಂಪನಿಗಳೂ ನಮ್ಮ ಲೆಕ್ಕದಲ್ಲಿ ಅಂಥ ಸಾಲು ಕಂಡರೆ ಹಿಂಜರಿಯುತ್ತವೆ. ನಮ್ಮ ರಿಜಿಸ್ಟರಿನಲ್ಲಿ ಹೆಸರು ಬರೆಸಿ. ವರದಿಯಲ್ಲಿ ಅಚ್ಚು ಹಾಕಬೇಡಿ ಎಂದರೆ ಹಾಕುವುದಿಲ್ಲ. 80ಜಿ ರಿಯಾಯಿತಿ ಬೇಕಾದವರು ಪ್ಯಾನ್ ಕೊಡಿ, 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಆ ರಿಯಾಯಿತಿ ಇಲ್ಲ.

ಈಗ ತಂದೆ ತಾಯಂದಿರ ಜೊತೆ ಮಾತಾಡಬೇಕು. ಅಮ್ಮಂದಿರು ಹಿಂದೆ ಕುಳಿತಿದ್ದೀರಿ, ಸ್ವಲ್ಪ ಮುಂದೆ ಬಂದರೆ ಒಳ್ಳೆಯದು.

ಅರ್ಜಿ ಬರೆಯುವವರು ಎಲ್ಲರೂ ಒಂದು ವಸ್ತು ಕೇಳುತ್ತಾರೆ. ಒಂದು ಮಗುವಿನ ಕಥೆ ಕೊಡಿ, ಫೋಟೋ ಕೊಡಿ. ಓದುವವರ ಮನಸ್ಸು ಕರಗಬೇಕಂತೆ. ನಾವು ಆರಿಸಿದವರೂ ಕೇಳಿದರು, ಮರ್ಯಾದೆಯಿಂದಲೇ ಕೇಳಿದರು. ಅವರ ವೃತ್ತಿಯ ರೂಢಿ ಅದು. ನಾವು ಯೋಚಿಸಿದ್ದು ಬೇರೆ ರೀತಿ. ಬೆಂಗಳೂರಿನಲ್ಲಿ ಹೆಸರು ಬದಲಾಯಿಸಿದರೆ ಸಾಕಾಗಬಹುದು. ರಾಬರ್ಟ್‌ಸನ್‌ಪೇಟೆಯಲ್ಲಿ ‘ತಂದೆಗೆ ಡಯಾಲಿಸಿಸ್, ತಾಯಿ ಟೈಲರಿಂಗ್, ಮೂರು ಹೆಣ್ಣುಮಕ್ಕಳಲ್ಲಿ ಎರಡನೆಯವಳು’ ಎಂದು ಬರೆದರೆ ಅದು ಯಾರ ಮನೆ ಎಂದು ಹೇಳಲು ಹೆಸರು ಬೇಕೇ? ನಾಳೆ ಆ ಹುಡುಗಿಗೆ ಸಂಬಂಧ ನೋಡುವಾಗ, ಅವಳೇ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದಾಗ, ಆ ಪುಟ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ವಿದ್ಯಾರ್ಥಿವೇತನ ಪಡೆದದ್ದು ಅವಮಾನದ ವಿಷಯವಲ್ಲ. ಆದರೆ ಅದನ್ನು ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎಂಬುದನ್ನು ತೀರ್ಮಾನಿಸಬೇಕಾದವಳು ಅವಳು. ಕೊಟ್ಟು ನೋಯಿಸಿದರೆ ಕೊಟ್ಟದ್ದೂ ವ್ಯರ್ಥ ಎಂದು ಬಲ್ಲವರು ನಾವು.

ಆದ್ದರಿಂದ ಬರಹಗಾರರಿಗೆ ನಾವು ಕೊಟ್ಟದ್ದು ಅಂಕಿಗಳು ಮಾತ್ರ: ಎಷ್ಟು ಮಕ್ಕಳು, ಯಾವ ತರಗತಿ, ಎಷ್ಟು ಜನ ಓದು ಮುಂದುವರಿಸಿದರು, ಎಷ್ಟು ಜನ ಬಿಟ್ಟರು. ಬಿಟ್ಟವರ ಸಂಖ್ಯೆಯನ್ನೂ ಕೊಟ್ಟಿದ್ದೇವೆ, ಮುಚ್ಚಿಟ್ಟಿಲ್ಲ. ಮುಖ ಕಾಣುವ ಫೋಟೋ ಇಲ್ಲ. ಖಾಲಿ ಬೆಂಚು, ಕಪ್ಪುಹಲಗೆ, ಬೆನ್ನು ತಿರುಗಿಸಿ ಕುಳಿತ ಮಕ್ಕಳು, ಅಷ್ಟೇ. ಇದರಿಂದ ಮಂಜೂರಾತಿ ಕಡಿಮೆಯಾಗಬಹುದು ಎಂದು ಬರಹಗಾರರು ಎಚ್ಚರಿಸಿದ್ದಾರೆ. ಆಗಲಿ.

ಕಾನೂನೂ ಇದೇ ದಿಕ್ಕಿಗೆ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಆ ಒಪ್ಪಿಗೆಯನ್ನು ನಿಜವಾದ ಒಪ್ಪಿಗೆಯಾಗಿ ಮಾಡಬೇಕೆಂದು ಈ ವರ್ಷದ ಅರ್ಜಿ ನಮೂನೆಯಲ್ಲಿ ಒಂದು ಪ್ರತ್ಯೇಕ ಹಾಳೆ ಸೇರಿಸಿದ್ದೇವೆ. ಅದನ್ನು ಅರ್ಜಿಯ ಜೊತೆ ಪಿನ್ ಮಾಡಬೇಡಿ, ಬೇರೆಯೇ ಕೊಡಿ. ವಿದ್ಯಾರ್ಥಿವೇತನ ತೀರ್ಮಾನಿಸುವ ಸಮಿತಿಯ ಮೇಜಿಗೆ ಆ ಹಾಳೆ ಹೋಗುವುದಿಲ್ಲ. ಬೇಡ ಎಂದು ಬರೆದವರಿಗೂ, ಬೇಕು ಎಂದು ಬರೆದವರಿಗೂ, ಹಾಳೆಯನ್ನೇ ಕೊಡದವರಿಗೂ ವಿದ್ಯಾರ್ಥಿವೇತನದಲ್ಲಿ ವ್ಯತ್ಯಾಸ ಇಲ್ಲ.

ಹಾಳೆ ಕನ್ನಡ, ಉರ್ದು, ತಮಿಳು ಮೂರರಲ್ಲೂ ಇದೆ. ಓದಲು ಬಾರದವರಿಗೆ ನಮ್ಮ ಕೇಂದ್ರದ ಹುಡುಗಿಯರು ಓದಿ ಹೇಳುತ್ತಾರೆ. ಅದರಲ್ಲಿ ಎರಡು ಚೌಕಗಳಿವೆ. ‘ಬೇಡ’ ಎಂಬುದನ್ನು ಬೇಕೆಂದೇ ಮೊದಲು ಇಟ್ಟಿದ್ದೇವೆ. ಇಲ್ಲಿ ಅವಸರದಲ್ಲಿ ತುಂಬಬೇಡಿ. ಮನೆಗೆ ಒಯ್ದು ಮಗನನ್ನೋ ಮಗಳನ್ನೋ ಕೇಳಿ, ಹದಿನೈದು ದಿನದ ಒಳಗೆ ತಂದುಕೊಡಿ. ಆಧಾರ್ ಪ್ರತಿ ಕೊಡುವಾಗ ಅದರ ಮೇಲೆ ಅಡ್ಡಗೆರೆ ಎಳೆದು ‘ವಿದ್ಯಾರ್ಥಿವೇತನ ಅರ್ಜಿಗೆ ಮಾತ್ರ’ ಎಂದು ಬರೆಯಿರಿ. ಬರೆಯಲು ಪೆನ್ನು ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟಿದೆ. ಅಸರ್ ನಮಾಜಿನ ನಂತರ ಅಲ್ಲೇ ಅರ್ಜಿಗಳನ್ನು ತೆಗೆದುಕೊಳ್ಳುತ್ತಾರೆ.